ಖಾಲಿ ಚೌಕಗಳು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಹಳೆಯ ಕಟ್ಟಡದ ವಿಷಯವನ್ನೋ ವಸತಿಗೃಹದ ಮುಂದಣ ಹುಣಸೆಮರದ ವಿಷಯವನ್ನೋ ಬರೆಯುವೆನೆಂದು ಅವರು ನಿರೀಕ್ಷಿಸಿರಬಹುದು. ಅವುಗಳನ್ನು ನನಗಿಂತ ಹಿರಿಯರಾದವರು ಹಿಂದಿನ ಸಂಚಿಕೆಗಳಲ್ಲಿ ಸೊಗಸಾಗಿ ವರ್ಣಿಸಿರುವರು. ನಾನು ಹೇಳಬೇಕೆಂದಿರುವದು ನಮ್ಮಲ್ಲಿ ಯಾರೂ ಕಣ್ಣಿನಿಂದ ಕಂಡಿರದ ಒಂದು ಯಂತ್ರದ ಸಂಗತಿಯನ್ನು. ಮತ್ತು ಆ ಯಂತ್ರವನ್ನು ಸಜ್ಜುಗೊಳಿಸುವದರಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ ಒಬ್ಬ ಹುಡುಗಿಗೆ ಆದ ಅನ್ಯಾಯದ ಸಂಗತಿಯನ್ನು.

೨೦೨೦ನೆಯ ಮಾರ್ಚ್ ತಿಂಗಳಲ್ಲಿ ಮಹಾವ್ಯಾಧಿಯ ದೆಸೆಯಿಂದ ಶಾಲೆಗಳು ಮುಚ್ಚಿದ್ದು ವಾಚಕರೆಲ್ಲರಿಗೂ ನೆನಪಿರುವದು. ಮೊದಲಿನ ಕೆಲವು ತಿಂಗಳು ಪಾಠಗಳನ್ನು ವಾಟ್ಸಾಪಿನ ಮೂಲಕ ಕಳುಹಿಸಿದೆವು. ಉತ್ತರಗಳು ಚಿತ್ರಗಳಾಗಿ ಬಂದು ಉಪಾಧ್ಯಾಯಿನಿಯರ ಫೋನುಗಳನ್ನು ತುಂಬಿದವು. ಯಾರದು ಬಂತು, ಯಾರದು ಬರಲಿಲ್ಲ, ಯಾರದನ್ನು ತಿದ್ದಿದ್ದಾಯಿತು ಎಂಬದು ಒಬ್ಬರಿಗೂ ತಿಳಿಯದಂತಾಯಿತು. ಆಗ ಬೆಂಗಳೂರಿನಲ್ಲಿ ಇಂಜಿನಿಯರಳಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿ, “ಟೀಚರ್, ನಮ್ಮ ಶಾಲೆಗೆ ಒಂದು ಮೂಡಲ್ ಹಾಕಿಕೊಳ್ಳೋಣ” ಎಂದಳು. ಪಕ್ಕದಲ್ಲಿ ನೆಲ ಒರಸುತ್ತಿದ್ದ ಆಯಾ ಇದನ್ನು ಕೇಳಿ, ಮೂಡಲಲ್ಲಿ ಏನಾಯಿತೆಂದು ಕಿಟಕಿಯಿಂದ ಪೂರ್ವದಿಕ್ಕನ್ನು ನೋಡಿದಳು. ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಮೂಡಲ್ ಎಂಬದು ಕೆಲವು ಇಂಗ್ಲಿಷ್ ಪದಗಳ ಮೊದಲಿನ ಅಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು. ಪಾಠಗಳನ್ನು ಇಡುವದು, ಅಭ್ಯಾಸಗಳನ್ನು ಕೊಡುವದು, ಬಂದ ಉತ್ತರಗಳನ್ನು ತಿದ್ದಿ ಅಂಕಗಳನ್ನು ದಾಖಲೆಮಾಡುವದು, ಇವೆಲ್ಲವನ್ನು ಒಂದೇ ಸ್ಥಳದಲ್ಲಿ ನಡಿಸುವ ಕಲಿಕಾ ನಿರ್ವಹಣಾ ವ್ಯವಸ್ಥೆಯಿದು. ಆಸ್ಟ್ರೇಲಿಯದ ಮಾರ್ಟಿನ್ ಡೂಗಿಯಾಮಸ್ ಎಂಬವರು ಇದನ್ನು ರಚಿಸಿ ೨೦೦೨ನೆಯ ಆಗಸ್ಟಿನಲ್ಲಿ ಮೊದಲನೆಯ ಆವೃತ್ತಿಯನ್ನು ಹೊರಡಿಸಿದರು. ಅವರು ಬಾಲ್ಯದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯ ದೂರದ ನೆಲೆಯೊಂದರಲ್ಲಿದ್ದು, ಹತ್ತಿರ ಶಾಲೆಯಿಲ್ಲದ್ದರಿಂದ ರೇಡಿಯೋದ ಮೂಲಕ ಪಾಠ ಕಲಿತವರು. ಶಾಲೆಗೆ ಬರಲಾರದ ಮಗುವಿನ ಕಷ್ಟವನ್ನು ತಾನೇ ಅನುಭವಿಸಿದವರು ಮಾಡಿದ ವಸ್ತು ಎಂದು ತಿಳಿದಾಗ ನನಗೆ ಅದರ ಮೇಲೆ ವಿಶ್ವಾಸ ಹುಟ್ಟಿತು. ಇದಕ್ಕೆ ಬೆಲೆಯಿಲ್ಲ, ಯಾರು ಬೇಕಾದರೂ ತಮ್ಮ ಯಂತ್ರದ ಮೇಲೆ ಸ್ಥಾಪಿಸಿಕೊಳ್ಳಬಹುದು. ಯಂತ್ರ ಮಾತ್ರ ನಮ್ಮದಾಗಿರಬೇಕು. ನಾವು ಒಂದು ಸರ್ವರನ್ನು ತಿಂಗಳ ಬಾಡಿಗೆಗೆ ಹಿಡಿದೆವು. ಅದು ಎಲ್ಲಿರುವದೆಂದು ಕೇಳಿದ್ದಕ್ಕೆ ನಮ್ಮ ಹುಡುಗಿ, “ಎಲ್ಲಿದ್ದರೇನು ಟೀಚರ್, ನಿಮ್ಮ ಮಾತು ಕೇಳಿದರಾಯಿತು” ಎಂದಳು.

ಮಾತು ಕೇಳಿಸುವದು ಸುಲಭವಾಗಿರಲಿಲ್ಲ. ಅವಳೇ ಎಲ್ಲವನ್ನೂ ಮಾಡಿಕೊಡಬಹುದಾಗಿತ್ತು, ಆದರೆ, “ನಾನಿಲ್ಲದಾಗ ಕೆಟ್ಟರೆ ನೋಡುವವರು ಯಾರು? ನೀವೇ ಟೈಪು ಮಾಡಿ, ನಾನು ಹೇಳುತ್ತೇನೆ” ಎಂದು ಹಟಹಿಡಿದಳು. ಹೀಗೆ ಪ್ರತಿ ಸಾಯಂಕಾಲ ಆಫೀಸಿನ ಕೋಣೆಯಲ್ಲಿ ಕಪ್ಪು ಪರದೆಯ ಮುಂದೆ ಕೂತು, ನಾನು ಒಮ್ಮೆ ಉಕ್ತಲೇಖನ ಬರೆಸಿದವಳಿಂದಲೇ ಉಕ್ತಲೇಖನ ಬರೆದುಕೊಂಡೆನು. ಒಂದು ಚುಕ್ಕೆ ತಪ್ಪಿದರೂ ಯಂತ್ರವು ಒಪ್ಪುತ್ತಿರಲಿಲ್ಲ. “ಕಾಪಿ ಪುಸ್ತಕದಲ್ಲಿ ಕೊಂಬು ಬಿಟ್ಟರೆ ಇಡೀ ಸಾಲನ್ನು ಹತ್ತು ಸಾರಿ ಬರೆಸುತ್ತಿದ್ದಿರಿ, ನೆನಪಿದೆಯೆ?” ಎಂದು ಅವಳು ಕೇಳಿದಳು. ಇಂಥದ್ದು ಹುಡುಗಿಯರಿಗೆ ಬಹು ಕಾಲ ನೆನಪಿರುವದು.

ಮೂಡಲನ್ನು ಸ್ಥಾಪಿಸಿದರೆ ಕೆಲಸ ಮುಗಿಯಿತೆಂದು ನಾನು ತಿಳಿದಿದ್ದೆನು. ಹಾಗಲ್ಲ. ಅದು ತನ್ನ ಬಹಳ ಕೆಲಸಗಳನ್ನು ಬೇರೆ ಬೇರೆ ಸಣ್ಣ ಕೈಯಾಳುಗಳಿಂದ ಮಾಡಿಸಿಕೊಳ್ಳುವದು. ಇವುಗಳಿಗೆ ಯುಟಿಲಿಟಿಗಳೆಂದು ಹೆಸರು. ಇವು ಮೂಡಲಿನ ಸಂಗಡ ಬರುವದಿಲ್ಲ. ಒಂದೊಂದನ್ನೂ ಬೇರೆಯಾಗಿ ಕರೆತಂದು, ಅದು ಯಂತ್ರದಲ್ಲಿ ಎಲ್ಲಿ ವಾಸವಾಗಿದೆಯೆಂಬ ವಿಳಾಸವನ್ನು ಮೂಡಲಿನ ಒಂದು ಪುಟದಲ್ಲಿ ಬರೆದಿಡಬೇಕು. ಆ ವಿಳಾಸದಲ್ಲಿ ಕೈಯಾಳು ಸಿಕ್ಕಿದರೆ ಪಕ್ಕದಲ್ಲಿ ಹಸುರು ಗುರುತು ಬೀಳುವದು. ಸಿಕ್ಕದಿದ್ದರೆ ಕೆಂಪು ಗುರುತು. ಈ ಹಸುರು ಗುರುತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇವುಗಳಲ್ಲಿ ಮೊದಲನೆಯದು ಕ್ರಾನ್. ಇದು ನಮ್ಮ ಶಾಲೆಯ ಘಂಟೆ ಬಾರಿಸುವ ಜವಾನನ ಹಾಗೆ. ನಿಮಿಷಕ್ಕೊಮ್ಮೆ ಮೂಡಲನ್ನು ಎಬ್ಬಿಸಿ, ಮಾಡಬೇಕಾದ ಕೆಲಸವೇನಾದರೂ ಉಂಟೋ ಎಂದು ಕೇಳುವದು ಇದರ ಧರ್ಮ. ಇದಕ್ಕೆ ಕೊಡುವ ಅಪ್ಪಣೆಯ ಆರಂಭದಲ್ಲಿ ಐದು ನಕ್ಷತ್ರ ಚಿಹ್ನೆಗಳಿರುತ್ತವೆ. ನಿಮಿಷ, ಘಂಟೆ, ತಾರೀಖು, ತಿಂಗಳು, ವಾರ ಇವು ಯಾವದಾದರೂ ಆಗಲಿ ಎಂದು ಅವುಗಳ ಅರ್ಥ. ನಾನು ಆ ಅಪ್ಪಣೆಯನ್ನು ಮೊದಲು ನನ್ನ ಹೆಸರಿನಲ್ಲಿ ಬರೆದೆನು. ಅದು ತಪ್ಪು, ವೆಬ್ ಸರ್ವರಿನ ಹೆಸರಿನಲ್ಲಿ ಬರೆಯಬೇಕಂತೆ. ಇಲ್ಲವಾದರೆ ನನ್ನ ಹೆಸರಿನಲ್ಲಿ ಹುಟ್ಟಿದ ಕಡತಗಳನ್ನು ಮುಟ್ಟಲು ಸರ್ವರಿಗೆ ಅಧಿಕಾರವಿರುವದಿಲ್ಲ. ಮುಖ್ಯೋಪಾಧ್ಯಾಯಿನಿಯ ಬೀರುವಿನ ಬೀಗದಕೈ ಜವಾನನಿಗೆ ಸಿಕ್ಕದಿರುವ ನ್ಯಾಯವೇ ಇದು.

ಸರ್ವರಿನ ಗಡಿಯಾರವೂ ನಮ್ಮದಲ್ಲ. ಬಾಡಿಗೆಯ ಯಂತ್ರವು ವಿಶ್ವಕಾಲದಲ್ಲಿ ನಡೆಯುತ್ತಿತ್ತು. ನಮ್ಮ ಕಾಲ ಅದಕ್ಕಿಂತ ೫ ಘಂಟೆ ೩೦ ನಿಮಿಷ ಮುಂದು. ಇದನ್ನು ಸರಿಪಡಿಸುವವರೆಗೆ ಸಾಯಂಕಾಲ ೫ ಘಂಟೆಗೆ ಮುಚ್ಚಬೇಕಾದ ಅಭ್ಯಾಸಗಳು ರಾತ್ರಿ ಹತ್ತೂವರೆಯ ತನಕ ತೆರೆದಿರುತ್ತಿದ್ದವು. ಈ ದೋಷವನ್ನು ನಮಗೆ ತಿಳಿಸಬೇಕೆಂದು ಒಬ್ಬ ಹುಡುಗಿಗೂ ತೋರಲಿಲ್ಲ.

ಇನ್ನು ಕಡತದ ಗಾತ್ರದ ಮಿತಿ. ಏನೂ ಬದಲಾಯಿಸದಿದ್ದರೆ ೨ ಮೆಗಾಬೈಟಿಗಿಂತ ದೊಡ್ಡ ಕಡತವನ್ನು ಪಿಎಚ್‌ಪಿ ಒಳಗೆ ಬಿಡುವದಿಲ್ಲ. ಫೋನಿನಲ್ಲಿ ತೆಗೆದ ಒಂದು ಹಾಳೆಯ ಚಿತ್ರವೇ ಅದಕ್ಕಿಂತ ದೊಡ್ಡದಾಗಿರುವದುಂಟು. ಎರಡು ಕಡೆಗಳಲ್ಲಿ ಅಂಕಿಯನ್ನು ಹೆಚ್ಚಿಸಿ, ಸರ್ವರನ್ನು ಮರಳಿ ಎಬ್ಬಿಸಿ, ಮೂಡಲಿನೊಳಗೂ ಹೆಚ್ಚಿಸಿದ ಮೇಲೆ ಸರಿಹೋಯಿತು. ವೈರಸ್ಸುಗಳನ್ನು ಹುಡುಕುವ ಕ್ಲ್ಯಾಮ್ ಎಂಬ ಕಾವಲುಗಾರನನ್ನೂ ತಂದೆವು. ಅವನು ಒಬ್ಬನೇ ಯಂತ್ರದ ಸ್ಮೃತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಿನ್ನತೊಡಗಿದ್ದರಿಂದ ೨ ಗಿಗಾಬೈಟಿನ ಯಂತ್ರವನ್ನು ಬಿಟ್ಟು ೪ ಗಿಗಾಬೈಟಿನದನ್ನು ಹಿಡಿಯಬೇಕಾಯಿತು. ಬಾಡಿಗೆ ಏರಿತು, ಆಡಳಿತ ಮಂಡಲಿಗೆ ಕಾರಣವನ್ನು ವಿವರಿಸಿ ಬರೆಯುವದು ಕ್ಲ್ಯಾಮನ್ನು ಸ್ಥಾಪಿಸುವದಕ್ಕಿಂತ ಕಷ್ಟವಾಯಿತು.

ನನ್ನ ಕಥೆಗೆ ಮುಖ್ಯವಾದ ಕೈಯಾಳುಗಳು ಇನ್ನೆರಡು. ಹುಡುಗಿಯು ವರ್ಡ್ ಕಡತವಾಗಿ ಕಳುಹಿಸಿದ ಉತ್ತರವನ್ನು ಯೂನೋಕಾನ್ವ್ ಎಂಬದು ಲಿಬ್ರೆ ಆಫೀಸಿನ ಸಹಾಯದಿಂದ ಪಿಡಿಎಫ್ ಆಗಿ ಮಾರ್ಪಡಿಸುವದು. ಆ ಪಿಡಿಎಫಿನ ಒಂದೊಂದು ಪುಟವನ್ನೂ ಘೋಸ್ಟ್‌ಸ್ಕ್ರಿಪ್ಟ್ ಎಂಬದು ಚಿತ್ರವಾಗಿ ತೆಗೆದು ಉಪಾಧ್ಯಾಯಿನಿಯ ಮುಂದೆ ಹರಡುವದು. ಆ ಚಿತ್ರದ ಮೇಲೆ ಆಕೆ ಕೆಂಪು ಮಸಿಯಿಂದ ಗೀಟು ಹಾಕಿ, ಅಂಚಿನಲ್ಲಿ ಟಿಪ್ಪಣಿ ಬರೆದು, ಅಂಕ ಕೊಡಬಹುದು. ಇದು ನಮ್ಮ ಕನ್ನಡ ಪಂಡಿತರಿಗೆ ಬಹಳ ಹಿಡಿಸಿತು. ಕೆಂಪು ಮಸಿಯಿಲ್ಲದೆ ಕನ್ನಡ ಕಲಿಸುವದು ಸಾಧ್ಯವಿಲ್ಲವೆಂಬದು ಅವರ ಮತ. ಎರಡನ್ನೂ ಸ್ಥಾಪಿಸಿ ವಿಳಾಸಗಳನ್ನು ಬರೆದಾಗ ಎರಡಕ್ಕೂ ಹಸುರು ಗುರುತು ಬಿದ್ದಿತು. ಪರೀಕ್ಷೆಗಾಗಿ ಒಂದು ಮಾದರಿ ಪುಟವನ್ನು ಮಾರ್ಪಡಿಸಿ ನೋಡಿದೆವು. ಅದು ಸ್ಫುಟವಾಗಿ ಬಂದಿತು. ಆ ಮಾದರಿ ಪುಟದ ಬರಹ ಇಂಗ್ಲಿಷಿನಲ್ಲಿತ್ತು. ಅದನ್ನು ನಾನು ಆಗ ಗಮನಕ್ಕೆ ತಂದುಕೊಳ್ಳಲಿಲ್ಲ.

೨೦೨೧ನೆಯ ಜುಲೈಯಲ್ಲಿ ಒಂಭತ್ತನೆಯ ತರಗತಿಯವರಿಗೆ ಪಂಡಿತರು ‘ನಮ್ಮ ಮನೆಯ ಹಿರಿಯರು’ ಎಂಬ ಪ್ರಬಂಧವನ್ನು ಕೊಟ್ಟಿದ್ದರು. ಬಹುಮಂದಿ ಕೈಯಲ್ಲಿ ಬರೆದು ಚಿತ್ರ ತೆಗೆದು ಕಳುಹಿಸಿದರು. ಒಬ್ಬ ಹುಡುಗಿ ಮಾತ್ರ ತನ್ನ ಸೋದರಮಾವನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಎರಡು ದಿವಸ ಕೂತು ಮೂರು ಪುಟಗಳನ್ನು ಟೈಪು ಮಾಡಿ ಕಳುಹಿಸಿದಳು. ತಾಯಿಯೂ ಅಜ್ಜಿಯೂ ಬೀಡಿ ಕಟ್ಟಿ ಜೀವಿಸುವ ಮನೆ. ಪಂಡಿತರು ಅವಳ ಉತ್ತರವನ್ನು ತೆರೆದಾಗ ಮೂರು ಪುಟಗಳ ತುಂಬ ಸಾಲುಸಾಲಾಗಿ ಖಾಲಿ ಚೌಕಗಳು ಮಾತ್ರ ಕಂಡವು. ಅವರು ಸೊನ್ನೆ ಕೊಟ್ಟು, ‘ಉಪಾಧ್ಯಾಯರೊಡನೆ ಹುಡುಗಾಟ ಸಲ್ಲದು’ ಎಂದು ಕೆಂಪು ಮಸಿಯಲ್ಲಿ ಬರೆದು ನನಗೆ ತಿಳಿಸಿದರು.

ನಾನು ಮಾಡಬೇಕಾಗಿದ್ದದ್ದು ವಿಚಾರಣೆ, ಮಾಡಿದ್ದು ಗದರಿಕೆ. ತಾಯಿಗೆ ಫೋನು ಮಾಡಿ, ನಿಮ್ಮ ಮಗಳು ಪಾಠ ಬರೆಯದೆ ಯಾವ ಯಾವದೋ ಚಿಹ್ನೆಗಳನ್ನು ತುಂಬಿಸಿ ಕಳುಹಿಸಿರುವಳು, ಹೀಗಾದರೆ ಹತ್ತನೆಯ ತರಗತಿಯಲ್ಲಿ ಗತಿಯೇನು ಎಂದು ಕೇಳಿದೆನು. ಆ ತಾಯಿ ಎದುರು ಮಾತಾಡಲಿಲ್ಲ. “ನೀವು ಹೇಳಿದ ಮೇಲೆ ಸರಿಯೇ ಇರಬೇಕು ಟೀಚರ್, ನಾನು ಕೇಳುತ್ತೇನೆ” ಎಂದಳು. ಆ ರಾತ್ರಿ ಆ ಮನೆಯಲ್ಲಿ ಏನು ನಡೆಯಿತೆಂದು ನಾನು ಕೇಳಿಲ್ಲ.

ಮೂರನೆಯ ದಿವಸ ಹುಡುಗಿ ತಾಯಿಯೊಂದಿಗೆ ಆಫೀಸಿಗೆ ಬಂದಳು. ಮೂಗು ಬಾಯಿ ಮುಚ್ಚಿದ ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಮಾವನಿಂದ ಅಚ್ಚುಹಾಕಿಸಿಕೊಂಡು ಬಂದಿದ್ದ ಮೂರು ಹಾಳೆಗಳನ್ನು ಮೇಜಿನ ಮೇಲಿಟ್ಟು, “ಟೀಚರ್, ನಾನು ಕಳುಹಿಸಿದ್ದು ಇದನ್ನೇ” ಎಂದು ಹೇಳಿ ಸುಮ್ಮನಾದಳು. ಅಜ್ಜಿಯ ವಿಷಯವಾಗಿ ಬರೆದ ಪ್ರಬಂಧ, ಅಕ್ಷರಗಳು ಸ್ವಚ್ಛವಾಗಿದ್ದವು. ಈಗ ಬರೆದು ತಂದಿರಬಹುದೆಂಬ ಸಂದೇಹವು ಆಗಲೂ ನನ್ನ ಮನಸ್ಸಿನಲ್ಲಿ ಸುಳಿಯಿತೆಂದು ಒಪ್ಪಿಕೊಳ್ಳುವೆನು. ಪರದೆಯ ಮೇಲಿನ ಚೌಕಗಳ ಪುಟವನ್ನು ತೆರೆದು ಹಾಳೆಯ ಪಕ್ಕದಲ್ಲಿ ಹಿಡಿದು ನೋಡಿದೆನು. ಹಾಳೆಯಲ್ಲಿ ಅಲ್ಪವಿರಾಮವಿದ್ದಲ್ಲಿ ಚೌಕಗಳ ನಡುವೆಯೂ ಅಲ್ಪವಿರಾಮವಿತ್ತು. ವಾಕ್ಯ ಮುಗಿದಲ್ಲಿ ಚುಕ್ಕೆಯಿತ್ತು. ಅಜ್ಜಿ ಮದುವೆಯಾಗಿ ಬಂದ ವರುಷವನ್ನು ಹುಡುಗಿ ಇಂಗ್ಲಿಷ್ ಅಂಕಿಗಳಲ್ಲಿ ಬರೆದಿದ್ದಳು. ಎರಡನೆಯ ಸಾಲಿನಲ್ಲಿ ಚೌಕಗಳ ಮಧ್ಯದಲ್ಲಿ ೧೯೬೨ ಎಂಬದು ಹಾಗೆಯೇ ನಿಂತಿತ್ತು. ಹುಡುಗಾಟಕ್ಕಾಗಿ ಚೌಕ ತುಂಬಿಸುವವರು ಪೂರ್ಣವಿರಾಮ ಹಾಕುವದಿಲ್ಲ. ಅವಳ ಪ್ರಬಂಧವು ಪೂರ್ತಿಯಾಗಿ ಅಲ್ಲಿಯೇ ಇತ್ತು. ಕನ್ನಡದ ಅಕ್ಷರಗಳು ಮಾತ್ರ ಇರಲಿಲ್ಲ.

ಆ ಸಾಯಂಕಾಲ ಬೆಂಗಳೂರಿನವಳಿಗೆ ಫೋನು ಮಾಡಿದೆನು. ಅವಳು ಒಂದು ಕ್ಷಣ ಸುಮ್ಮನಿದ್ದು, “ಟೀಚರ್, ಕನ್ನಡದ ಅಕ್ಷರಶೈಲಿಗಳು ಎಷ್ಟಿವೆ ಎಂದು ಯಂತ್ರವನ್ನು ಕೇಳಿ” ಎಂದು ಆಜ್ಞೆಯನ್ನು ಹೇಳಿಕೊಟ್ಟಳು. ಟೈಪು ಮಾಡಿದೆನು. ಉತ್ತರವಾಗಿ ಒಂದು ಸಾಲೂ ಬರಲಿಲ್ಲ. ಬರಿಯ ಕಪ್ಪು ಪರದೆ. ಒಂದು ವರುಷ ಕನ್ನಡ ಶಾಲೆಯ ಕೆಲಸ ಮಾಡಿದ ಯಂತ್ರಕ್ಕೆ ಕನ್ನಡದ ಒಂದು ಅಕ್ಷರವನ್ನಾದರೂ ಬರೆಯಲು ಬರುತ್ತಿರಲಿಲ್ಲ.

ಇದನ್ನು ಪಂಡಿತರಿಗೆ ವಿವರಿಸುವಾಗ ನನಗೆ ನೆರವಾದದ್ದು ನಮ್ಮ ಕರಾವಳಿಯ ಹಳೆಯ ಮುದ್ರಣದ ಚರಿತ್ರೆ. ೧೮೪೩ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೊಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಅಚ್ಚಾದದ್ದು. ಕಲ್ಲಚ್ಚಿನಲ್ಲಿ ಬರಹದ ರೂಪವೇ ಕಲ್ಲಿನ ಮೇಲೆ ಮೂಡಿ ಕಾಗದಕ್ಕೆ ಇಳಿಯುವದರಿಂದ ಅಚ್ಚಿನ ಮೊಳೆಗಳ ಅವಶ್ಯವಿಲ್ಲ. ಕೈಯಲ್ಲಿ ಬರೆದು ಚಿತ್ರ ತೆಗೆದು ಕಳುಹಿಸಿದ ಹುಡುಗಿಯರದ್ದು ಈ ಕ್ರಮ, ಅವರಿಗೆ ತೊಂದರೆಯಾಗಲಿಲ್ಲ. ಟೈಪು ಮಾಡಿದ ಹುಡುಗಿ ಕಳುಹಿಸಿದ್ದು ಅಕ್ಷರಗಳ ಚಿತ್ರವನ್ನಲ್ಲ, ಇಂಥಿಂಥ ಅಕ್ಷರವನ್ನು ಜೋಡಿಸಿರಿ ಎಂಬ ಸಂಖ್ಯೆಗಳ ಪಟ್ಟಿಯನ್ನು. ಅದನ್ನು ಅಚ್ಚುಹಾಕುವ ಕಡೆಯಲ್ಲಿ ಮೊಳೆಗಳ ಪೆಟ್ಟಿಗೆ ಇರಲೇಬೇಕು. ಅವಳ ಮಾವನ ಅಂಗಡಿಯಲ್ಲಿ ಆ ಪೆಟ್ಟಿಗೆಯಿತ್ತು. ಆದಕಾರಣ ಅಲ್ಲಿ ಎಲ್ಲವೂ ಸರಿಯಾಗಿ ಕಂಡಿತು. ನಮ್ಮ ಸರ್ವರಿನಲ್ಲಿ ಇರಲಿಲ್ಲ. ಪೆಟ್ಟಿಗೆಯಲ್ಲಿ ಇಲ್ಲದ ಮೊಳೆಗೆ ಬದಲಾಗಿ ಅದು ಖಾಲಿ ಚೌಕವನ್ನು ಇಡುತ್ತಾ ಹೋಯಿತು. ಪಂಡಿತರು ಇದನ್ನು ಕೇಳಿ, “ಹಾಗಾದರೆ ನಾನು ತಿದ್ದಿದ್ದು ಯಂತ್ರದ ಅಜ್ಞಾನವನ್ನು” ಎಂದರು. ನಾನು ಯಂತ್ರದ ಮೇಲೆ ಹೊರಿಸಲು ಒಪ್ಪಲಿಲ್ಲ. ಪೆಟ್ಟಿಗೆ ತರಿಸಬೇಕಾಗಿದ್ದವಳು ನಾನು.

ತರಿಸುವದಕ್ಕೆ ಎರಡು ನಿಮಿಷ ಸಾಕಾಯಿತು. ಉಬುಂಟು ಯಂತ್ರಗಳಿಗೆ ಕನ್ನಡದ ಅಕ್ಷರಶೈಲಿಗಳು ಒಂದೇ ಕಟ್ಟಾಗಿ ದೊರೆಯುತ್ತವೆ, ಬೆಲೆಯಿಲ್ಲ. ಒಂದು ಆಜ್ಞೆಯನ್ನು ಕೊಟ್ಟು, ಅಕ್ಷರಗಳ ಪಟ್ಟಿಯನ್ನು ಹೊಸದಾಗಿ ಮಾಡಿಸಿ, ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೇಳಿದೆನು. ಈ ಸಾರಿ ಉತ್ತರ ಬಂದಿತು: ಗುಬ್ಬಿ, ನವಿಲು, ಲೋಹಿತ್. ಕಪ್ಪು ಪರದೆಯ ಮೇಲೆ ಗುಬ್ಬಿ ನವಿಲುಗಳ ಹೆಸರನ್ನು ಓದಿ ನಾನು ಗಟ್ಟಿಯಾಗಿ ನಕ್ಕೆನು. ಫೋನಿನ ಆ ಕೊನೆಯಲ್ಲಿದ್ದವಳೂ ನಕ್ಕಳು. ನಕ್ಕ ಮೇಲೆ ಬಹಳ ಹೊತ್ತು ನನಗೆ ಮಾತು ಹೊರಡಲಿಲ್ಲ.

ಚೌಕಗಳು ಆ ಕೂಡಲೇ ಮಾಯವಾಗಲಿಲ್ಲ. ಒಮ್ಮೆ ಮಾರ್ಪಡಿಸಿದ ಪುಟವನ್ನು ಮೂಡಲ್ ತೆಗೆದಿಟ್ಟುಕೊಂಡು ಅದನ್ನೇ ತೋರಿಸುವದು. ಹುಡುಗಿಯ ಕಡತವನ್ನು ಹೊಸದಾಗಿ ಸಲ್ಲಿಸಬೇಕಾಯಿತು. ಅಂಥ ಹಳೆಯ ಪುಟಗಳು ಇನ್ನೆಷ್ಟಿವೆಯೋ ಎಂದು ಆ ವರುಷದ ವರ್ಡ್ ಕಡತಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದೆನು. ಕೆಲವುಗಳಲ್ಲಿ ಚೌಕಗಳಿಗೆ ಬದಲಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಿದ್ದವು; ಅವು ಹಳೆಯ ಪದ್ಧತಿಯಲ್ಲಿ, ಇಂಗ್ಲಿಷ್ ಅಕ್ಷರದ ಪೀಠದ ಮೇಲೆ ಕನ್ನಡದ ರೂಪವನ್ನು ಕೂಡಿಸಿ ಬರೆದವು. ಅವುಗಳ ಔಷಧ ಬೇರೆ. ಬರಹವನ್ನೇ ಯೂನಿಕೋಡಿಗೆ ಬದಲಾಯಿಸಬೇಕು. ಖಾಲಿ ಚೌಕಗಳಾಗಿ ಬಂದಿದ್ದ ಕನ್ನಡ ಉತ್ತರಗಳು, ಅಜ್ಜಿಯ ಪ್ರಬಂಧವಲ್ಲದೆ, ಇನ್ನು ಮೂರು ಸಿಕ್ಕಿದವು. ಮೂವರು ಬೇರೆ ಬೇರೆ ಹುಡುಗಿಯರವು, ಬೇರೆ ಬೇರೆ ತಿಂಗಳಿನವು. ಮೂರಕ್ಕೂ ಸೊನ್ನೆ ಬಿದ್ದಿತ್ತು. ಮೂವರಲ್ಲಿ ಒಬ್ಬಳೂ ಬಂದು ಕೇಳಿರಲಿಲ್ಲ. ಯಾಕೆ ಕೇಳಲಿಲ್ಲವೆಂದು ಆ ಮೇಲೆ ವಿಚಾರಿಸಿದಾಗ ಒಬ್ಬಳು, “ನಮಗೆ ಕಂಪ್ಯೂಟರ್ ಸರಿಯಾಗಿ ಬರುವದಿಲ್ಲ ಟೀಚರ್, ನಾನೇ ಏನೋ ತಪ್ಪು ಒತ್ತಿರಬೇಕೆಂದು ತಿಳಿದೆ” ಎಂದಳು. ಇಪ್ಪತ್ತು ವರುಷಗಳಿಂದ ಹುಡುಗಿಯರಿಗೆ ಪ್ರಶ್ನೆ ಕೇಳಿರಿ, ಪ್ರಶ್ನೆ ಕೇಳಿರಿ ಎಂದು ಬೋಧಿಸಿದವಳು ನಾನು.

ಈಗ ನಮ್ಮ ಆಫೀಸಿನ ಗೋಡೆಯ ಮೇಲೆ, ಅಗ್ನಿಶಾಮಕ ದಳದ ಫೋನಿನ ಅಂಕಿಯ ಕೆಳಗೆ, ಒಂದು ಕಾಗದವನ್ನು ಅಂಟಿಸಿದೆ. ಮೂಡಲನ್ನು ಹೊಸ ಆವೃತ್ತಿಗೆ ಏರಿಸಿದಾಗಲೂ ಯಂತ್ರವನ್ನು ಬದಲಾಯಿಸಿದಾಗಲೂ ಮಾಡಬೇಕಾದ ಪರೀಕ್ಷೆಗಳನ್ನು ಅದರಲ್ಲಿ ಬರೆದಿದ್ದೇನೆ. ಹಸುರು ಗುರುತನ್ನು ನೋಡುವದು ಅವುಗಳಲ್ಲಿ ಕಡೆಯದು. ಮೊದಲನೆಯದು, ‘ಸ್ತ್ರೀ, ರಾಷ್ಟ್ರ, ಅರ್ಘ್ಯ, ಕೃತಜ್ಞತೆ’ ಎಂಬ ನಾಲ್ಕು ಶಬ್ದಗಳನ್ನು ವರ್ಡಿನಲ್ಲಿ ಟೈಪು ಮಾಡಿ, ಹುಡುಗಿಯೊಬ್ಬಳ ಹೆಸರಿನಲ್ಲಿ ಒಳಹೊಕ್ಕು, ಅಭ್ಯಾಸವಾಗಿ ಸಲ್ಲಿಸಿ, ಉಪಾಧ್ಯಾಯಿನಿಯ ಕಡೆಯಿಂದ ತೆರೆದು ಒತ್ತಕ್ಷರ ಅರ್ಕಾವತ್ತುಗಳೆಲ್ಲ ತಮ್ಮ ತಮ್ಮ ಸ್ಥಳದಲ್ಲಿವೆಯೋ ಎಂದು ನೋಡುವದು. ಯಂತ್ರದಲ್ಲಿ ಕನ್ನಡ ಅಕ್ಷರಗಳಿದ್ದರೂ ಒತ್ತುಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ಪಕ್ಕದಲ್ಲಿ ನಿಲ್ಲುವ ಸಂಭವವುಂಟು. ಇದನ್ನು ನಾನೇ ಮಾಡುತ್ತೇನೆ, ಇತರರಿಗೆ ವಹಿಸುವದಿಲ್ಲ.

ಆ ಹುಡುಗಿಯ ತಾಯಿಯನ್ನು ಮರುದಿನವೇ ಕರೆಸಿ, ತಪ್ಪು ನಮ್ಮದೆಂದು ಹೇಳಿ, ಇಬ್ಬರ ಎದುರಿಗೂ ಕ್ಷಮೆ ಕೇಳಿದೆನು. ತಾಯಿಯು ಗಾಬರಿಗೊಂಡು ಎದ್ದು ನಿಂತುಬಿಟ್ಟಳು. ಹುಡುಗಿ ಮಾತ್ರ ಸಮಾಧಾನವಾಗಿ, “ಪರವಾಗಿಲ್ಲ ಟೀಚರ್. ಇನ್ನು ಪಂಡಿತರು ಅದನ್ನು ಓದುತ್ತಾರೆಯೆ?” ಎಂದು ಕೇಳಿದಳು. ಪಂಡಿತರು ಆ ರಾತ್ರಿಯೇ ಓದಿದರು. ಇಪ್ಪತ್ತಕ್ಕೆ ಹದಿನಾರು ಅಂಕ ಬಂದವು. ಮೂರು ಪುಟಗಳಲ್ಲಿ ಮಹಾಪ್ರಾಣದ ತಪ್ಪುಗಳಿಗೆಲ್ಲ ಕೆಂಪು ಗೀಟು ಬಿದ್ದಿದ್ದವು. ಬೀಡಿಯ ಎಲೆ ಕತ್ತರಿಸುವ ಕತ್ತರಿಯ ವರ್ಣನೆಯ ಪಕ್ಕದಲ್ಲಿ ‘ಚೆನ್ನಾಗಿದೆ’ ಎಂದು ಬರೆದಿತ್ತು. ಎರಡು ದಿವಸಗಳಾದ ಮೇಲೆ ಹುಡುಗಿ ಮೂಡಲಿನಲ್ಲಿಯೇ ಒಂದು ಟಿಪ್ಪಣಿಯನ್ನು ಬರೆದು, ಗೀಟು ಬಿದ್ದ ಶಬ್ದಗಳಲ್ಲಿ ಒಂದನ್ನು ತಾನು ಬರೆದಂತೆಯೂ ಬರೆಯಬಹುದೆಂದು ವಾದಿಸಿದಳು. ಪಂಡಿತರು ನಿಘಂಟನ್ನು ತೆಗೆದು ನೋಡಿ, ಅರ್ಧ ಅಂಕವನ್ನು ಮರಳಿ ಕೊಟ್ಟರು.